ಜೆನೋಡೋ: ಡೇಟಾ ಇಡಲು ಗಟ್ಟಿ ಜಾಗ, ಹುಡುಕಲು ಅಷ್ಟಕ್ಕಷ್ಟೆ

ಸಂಶೋಧನಾ ಪ್ರಬಂಧಗಳ ಕೊನೆಯಲ್ಲಿ ‘ಡೇಟಾ ಬೇಕಾದವರು ಲೇಖಕರನ್ನು ಕೇಳಿ’ ಎಂಬ ಸಾಲು ಇರುತ್ತದಲ್ಲ, ಅದನ್ನು ನಂಬಿ ಕೇಳಿದವರಿಗೆ ಎಷ್ಟೋ ಸಲ ಉತ್ತರವೇ ಬರುವುದಿಲ್ಲ. ಲೇಖಕರು ಸಂಸ್ಥೆ ಬಿಟ್ಟಿರುತ್ತಾರೆ, ಇಮೇಲ್ ವಿಳಾಸ ಸತ್ತಿರುತ್ತದೆ, ಫೈಲು ಯಾವುದೋ ಹಳೆಯ ಲ್ಯಾಪ್‌ಟಾಪಿನಲ್ಲೇ ಉಳಿದಿರುತ್ತದೆ. ಆ ಸಾಲನ್ನು ಹೊಡೆದುಹಾಕಿ ಅಲ್ಲೊಂದು ಕೊಂಡಿ ಕೊಡುವ ಅನುಕೂಲ, ಸಂಶೋಧನೆಯ ಫೈಲುಗಳನ್ನು ಇಡುವ ಜಾಲತಾಣವಾದ ಜೆನೋಡೋದಲ್ಲಿದೆ. ಇಡುವುದು ಬಲು ಸಲೀಸು, ನೆಟ್ಟಗೆ ಇಡುವ ಹೊಣೆ ಮಾತ್ರ ಪೂರ್ತಿ ನಿಮ್ಮದು.

2013ರಲ್ಲಿ ಶುರುವಾದ ಇದನ್ನು ನಡೆಸುತ್ತಿರುವುದು ಸರ್ನ್, ಕಣ ಭೌತವಿಜ್ಞಾನದ ಅದೇ ಪ್ರಯೋಗಾಲಯ. ದುಡ್ಡು ಕೊಡಬೇಕಿಲ್ಲ, ವಿಷಯದ ಕಟ್ಟುಪಾಡಿಲ್ಲ. ಒಂದು ದಾಖಲೆಗೆ 50 ಜಿಬಿ, 100 ಫೈಲು ಎಂಬುದು ಸಾಮಾನ್ಯ ಮಿತಿ. ಹಾಕಿದ ಪ್ರತಿಯೊಂದಕ್ಕೂ ಡಿಒಐ, ಅಂದರೆ ಕೊಂಡಿಯಾಗಿಯೂ ಬಳಸಬಹುದಾದ ಶಾಶ್ವತ ಗುರುತು, ಸಿಗುತ್ತದೆ.

ಈ ಡಿಒಐ ವ್ಯವಸ್ಥೆಯೇ ಸೇವೆಯ ಜೀವಾಳ, ಹೆಚ್ಚಿನವರು ಎಡವುವುದೂ ಇಲ್ಲೇ. ಒಂದು ಕೆಲಸಕ್ಕೆ ಎರಡು ಬಗೆಯ ಡಿಒಐ ಇರುತ್ತವೆ: ಪ್ರತಿ ಆವೃತ್ತಿಗೆ ಒಂದೊಂದು, ಎಲ್ಲ ಆವೃತ್ತಿಗಳಿಗೂ ಸೇರಿ ಮತ್ತೊಂದು. ಈ ಎರಡನೆಯದು ಯಾವತ್ತೂ ಇತ್ತೀಚಿನ ಆವೃತ್ತಿಗೆ ಕರೆದೊಯ್ಯುತ್ತದೆ. ಪ್ರಬಂಧದ ಲೆಕ್ಕಗಳನ್ನು ಬೇರೆಯವರು ಮತ್ತೆ ಮಾಡಿ ನೋಡಬೇಕೆಂದರೆ ಆವೃತ್ತಿಯ ಡಿಒಐಯನ್ನೇ ಕೊಡಿ, ಇಲ್ಲದಿದ್ದರೆ ನಾಳೆ ತಿದ್ದಿದ ಫೈಲು ಇಟ್ಟುಕೊಂಡು ನಿನ್ನೆಯ ಅಂಕಿಗಳಿಗೆ ತಡಕಾಡಬೇಕಾಗುತ್ತದೆ. ಫೈಲು ಬದಲಿಸಲು ‘ಹೊಸ ಆವೃತ್ತಿ’ ಗುಂಡಿ ಒತ್ತಬೇಕು. ಅದನ್ನು ಬಿಟ್ಟು ಹೊಸದಾಗಿ ಅಪ್‌ಲೋಡ್ ಮಾಡಿದರೆ ಎರಡು ದಾಖಲೆಗಳಿಗೂ ಸಂಬಂಧ ತಪ್ಪಿಹೋಗುತ್ತದೆ. ಡಿಒಐಯನ್ನು ಮೊದಲೇ ಕಾಯ್ದಿರಿಸಿ ಹಸ್ತಪ್ರತಿಯಲ್ಲಿ ಸೇರಿಸಲು ಬರುತ್ತದೆ. ಆದರೆ ‘ಪ್ರಕಟಿಸು’ ಒತ್ತುವ ತನಕ ಆ ಕೊಂಡಿ ತೆರೆಯುವುದಿಲ್ಲ. ಪ್ರಬಂಧ ಅಚ್ಚಾದ ದಿನ ಇದನ್ನು ಮರೆಯುವವರು ಕಡಿಮೆಯೇನಿಲ್ಲ.

ಫೋಲ್ಡರ್ ಸೌಲಭ್ಯವಿಲ್ಲ, ಇದು ದೊಡ್ಡ ಕೊರತೆ. ಎಲ್ಲ ಫೈಲುಗಳೂ ಒಂದೇ ಸಾಲಿನಲ್ಲಿ ಕೂರುತ್ತವೆ, ಹಾಗಾಗಿ ಎಲ್ಲವನ್ನೂ ಒಂದೇ ಫೈಲಿಗೆ ಕಟ್ಟಿ ಜಿಪ್ ಮಾಡದೆ ಗತ್ಯಂತರವಿಲ್ಲ. ಮಾಡಿದರೆ ಓದುಗರು ಒಂದು ಚಿಕ್ಕ ಕೋಷ್ಟಕಕ್ಕಾಗಿ 20 ಜಿಬಿ ಇಳಿಸಿಕೊಳ್ಳಬೇಕು. ಒಳಗೇನಿದೆ ಎಂದು ತಿಳಿಸುವ ರೀಡ್‌ಮಿ ಫೈಲನ್ನೂ ಕಾಲಂಗಳ ವಿವರಣೆಯನ್ನೂ ಜಿಪ್‌ನ ಹೊರಗಿಡಿ, ಕಚ್ಚಾ ಡೇಟಾ ಮತ್ತು ಸಂಸ್ಕರಿಸಿದ್ದನ್ನು ಬೇರೆ ಬೇರೆ ಜಿಪ್ ಮಾಡಿ. ಕಾಲಂ ವಿವರಣೆಯಲ್ಲಿ ಅಳತೆಯ ಮಾನ, ಸಂಕೇತಗಳ ಅರ್ಥ, ಬಿಟ್ಟುಹೋದ ಮೌಲ್ಯಕ್ಕೆ ಬಳಸಿದ ಗುರುತು ಇರಲೇಬೇಕು. ‘ಗ್ಲೂಕೋಸ್ 5.6’ ಎಂದಷ್ಟೇ ಬರೆದರೆ ಅದು ಲೀಟರಿಗೆ ಮಿಲಿಮೋಲ್ ಎಂದು ಓದುವವರು ಊಹಿಸಬೇಕಾಗುತ್ತದೆ. ಕೋಷ್ಟಕಗಳು ಯುಟಿಎಫ್-8 ಅಕ್ಷರ ಸಂಕೇತದ ಸಿಎಸ್‌ವಿಯಲ್ಲಿ, ಅಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯದಲ್ಲಿರಲಿ, ಸಿದ್ಧವಾದ ಮೇಲೆ ಅವನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಬೇಡಿ. ಸೆಪ್ಟ್2, ಮಾರ್ಚ್1 ಎಂಬ ವಂಶವಾಹಿ ಹೆಸರುಗಳನ್ನು ಅದು ತಾರೀಕು ಮಾಡಿಬಿಡುತ್ತಿತ್ತು. ಕಾಟ ತಾಳಲಾರದೆ ಕೊನೆಗೆ ಹೆಸರಿಡುವ ಸಮಿತಿಯೇ 2020ರಲ್ಲಿ ಸೆಪ್ಟಿನ್2 ಎಂಬಂಥ ಹೊಸ ಹೆಸರುಗಳನ್ನು ಕೊಟ್ಟಿತು!

ಪ್ರೋಗ್ರಾಂ ಕೋಡ್ ಇಡುವ ತಾಣವಾದ ಗಿಟ್‌ಹಬ್ ಜೊತೆಗಿನ ಜೋಡಣೆ ಚೆನ್ನಾಗಿದೆ. ಅಲ್ಲಿನ ನಿಮ್ಮ ರೆಪೊಸಿಟರಿಗೆ (ಕೋಡ್ ಸಂಗ್ರಹಕ್ಕೆ) ಜೆನೋಡೋದಲ್ಲಿ ಸ್ವಿಚ್ ಹಾಕಿದರೆ ಮುಂದಿನ ಪ್ರತಿ ರಿಲೀಸೂ (ಬಿಡುಗಡೆ ಮಾಡಿದ ಆವೃತ್ತಿ) ತಾನಾಗಿ ಬಂದು ಸೇರುತ್ತದೆ. ‘ಮುಂದಿನ’ ಎಂಬುದನ್ನು ಗಮನಿಸಿ, ಮೊದಲೇ ಮಾಡಿದ ರಿಲೀಸ್‌ಗಳು ಬರುವುದಿಲ್ಲ. ಶೀರ್ಷಿಕೆ, ಲೇಖಕರಂಥ ವಿವರ ತಿಳಿಸುವ ಜೆನೋಡೋ ಜೇಸನ್ ಫೈಲು ಮತ್ತು ಸೈಟೇಶನ್ ಫೈಲು ಎರಡೂ ರೆಪೊಸಿಟರಿಯಲ್ಲಿದ್ದರೆ ಜೆನೋಡೋ ಮೊದಲಿನದನ್ನು ಮಾತ್ರ ಓದುತ್ತದೆ. ಅದರಲ್ಲೊಂದು ಅಲ್ಪವಿರಾಮ ತಪ್ಪಿದರೂ ಆ ರಿಲೀಸ್ ಸೇರುವುದಿಲ್ಲ.

ವೈದ್ಯಕೀಯ ಡೇಟಾದವರಿಗೆ ಬಿಗಿ ಎಚ್ಚರಿಕೆ: ರೋಗಿಗಳ ಗುರುತು ಹತ್ತಬಹುದಾದ ಯಾವುದಕ್ಕೂ ಇದು ಜಾಗವಲ್ಲ. ಹೆಸರು ಅಳಿಸಿದರೆ ಸಾಲದು. ಅಪರೂಪದ ಕಾಯಿಲೆ, ದಾಖಲಾದ ದಿನಾಂಕ, ಪಿನ್‌ಕೋಡ್ ಮೂರೂ ಕೂಡಿದರೆ ವ್ಯಕ್ತಿ ಸಿಕ್ಕಿಬೀಳುತ್ತಾರೆ. ರೋಗಿಗಳ ಮಾಹಿತಿಯ ಗೋಪ್ಯತೆ ಕಾಯುವ ಅಮೆರಿಕದ ಹಿಪಾ ನಿಯಮದ ಪಟ್ಟಿಯಂತೆ ಗುರುತು ತೆಗೆಯುವುದಾದರೆ ದಿನಾಂಕಗಳಲ್ಲಿ ವರ್ಷವಷ್ಟೇ ಉಳಿಯಬಹುದು, 89 ದಾಟಿದ ವಯಸ್ಸೆಲ್ಲ ‘90 ಮತ್ತು ಮೇಲೆ’ ಎಂಬ ಒಂದೇ ಗುಂಪಿಗೆ ಸೇರಬೇಕು. ‘ನಿರ್ಬಂಧಿತ’ ಎಂದು ಗುರುತು ಹಾಕಿದರೂ ಶೀರ್ಷಿಕೆ, ವಿವರಣೆ ಎಲ್ಲರಿಗೂ ಕಾಣುತ್ತವೆ. ವ್ಯಕ್ತಿಗಳ ಜೀನೋಮ್ ಡೇಟಾವನ್ನು ಅನುಮತಿ ಪಡೆದವರಿಗಷ್ಟೇ ತೆರೆಯುವ ಡಿಬಿಗ್ಯಾಪ್ ಅಥವಾ ಇಜಿಎ ಎಂಬ ಡೇಟಾ ಸಂಗ್ರಹಗಳಿಗೆ ಕೊಡುವುದೇ ಸರಿ.

ಹುಡುಕಾಟ ಸಪ್ಪೆ. ಗುಣಮಟ್ಟ ನೋಡಿ ಒಳಬಿಡುವವರಿಲ್ಲದ್ದರಿಂದ ಕಾಳು ಜೊಳ್ಳು ಒಟ್ಟಿಗೇ ಬರುತ್ತವೆ, ಡಿಒಐ ಇದೆ ಎಂದ ಮಾತ್ರಕ್ಕೆ ಯಾರೋ ಪರಿಶೀಲಿಸಿದ್ದಾರೆ ಎಂದುಕೊಳ್ಳುವಂತಿಲ್ಲ. ಮರುಬಳಕೆಯ ಪರವಾನಗಿಯಲ್ಲಿ, ಬರಿಯ ಅಂಕಿಗಳಿಗೆ ಯಾವ ಷರತ್ತೂ ಇಲ್ಲದ ಸಿಸಿ-ಜೀರೋ ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ. ಹತ್ತಾರು ಸಂಗ್ರಹಗಳನ್ನು ಬೆರೆಸುವವರಿಗೆ ಮೂಲ ಕರ್ತೃವಿನ ಹೆಸರು ಹೇಳಲೇಬೇಕೆನ್ನುವ ಸಿಸಿ-ಬೈ ಪರವಾನಗಿ ಕೇಳುವ ಹೆಸರುಗಳ ಪಟ್ಟಿಯೇ ಹೊರೆಯಾಗುತ್ತದೆ.

ಮೊದಲ ಸಲ ಹಾಕುವವರು ಜೆನೋಡೋದ್ದೇ ಪ್ರಯೋಗದ ತಾಣವಾದ ಸ್ಯಾಂಡ್‌ಬಾಕ್ಸ್‌ನಲ್ಲಿ ಅಭ್ಯಾಸ ಮಾಡಿಕೊಳ್ಳಿ, ಅದಕ್ಕೆ ಬೇರೆ ಖಾತೆ ಬೇಕು. ಅಲ್ಲಿ ಸಿಗುವ ಡಿಒಐ ಪರೀಕ್ಷೆಗಷ್ಟೇ, ಅಪ್ಪಿತಪ್ಪಿ ಪ್ರಬಂಧಕ್ಕೆ ಅಂಟಿಸಬೇಡಿ.