ಸೇಂಟ್ ಜಾನ್ ಸುತ್ತ ಒಂದು ದಿನ: ಸ್ಪೀಡ್‌ಬೋಟೋ, ಹಾಯಿ ಕ್ಯಾಟಮರಾನೋ, ನೀವೇ ನಡೆಸುವ ದೋಣಿಯೋ?

ಕೆರಿಬಿಯನ್ ಸಮುದ್ರದಲ್ಲಿರುವ ಅಮೆರಿಕದ ವರ್ಜಿನ್ ದ್ವೀಪಗಳಿಗೆ ರಜೆಗೆ ಹೋದವರು ಒಂದು ದಿನವಾದರೂ ಇಡೀ ದೋಣಿಯನ್ನು ತಮಗಾಗಿಯೇ ಗೊತ್ತುಮಾಡಿಕೊಳ್ಳುತ್ತಾರೆ. ರಜೆಯಲ್ಲಿ ಕೈಯಿಂದ ಅತಿ ಹೆಚ್ಚು ದುಡ್ಡು ಬಿಡುವ ದಿನವೂ ಸಾಮಾನ್ಯವಾಗಿ ಅದೇ. ಬುಕ್ ಮಾಡುವಾಗ ಮಾತ್ರ ಎಲ್ಲರೂ ನೋಡುವುದು ದೋಣಿಯ ಉದ್ದ, ಎಂಜಿನ್ನಿನ ಕುದುರೆಶಕ್ತಿ, ಫೋಟೋ. ಮೂರೂ ಬಗೆಯ ದೋಣಿಗಳಲ್ಲಿ ಅವೇ ಕೊಲ್ಲಿಗಳಿಗೆ ಹೋಗಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ಮೊದಲು ಎಷ್ಟು ದೂರ ಹೋಗಬೇಕು, ಗುಂಪಿನಲ್ಲಿ ಈಜು ಬಾರದವರು ಎಷ್ಟು ಮಂದಿ ಎಂಬುದು ಇತ್ಯರ್ಥವಾಗಲಿ. ಆಮೇಲೆ ದೋಣಿ ಆರಿಸುವುದು ಕಷ್ಟವಲ್ಲ.

ಜಾಗದ ಲೆಕ್ಕ ಹೀಗಿದೆ. ಹೆಚ್ಚಿನ ದೋಣಿಗಳು ಹೊರಡುವುದು ಸೇಂಟ್ ಥಾಮಸ್ ದ್ವೀಪದ ಪೂರ್ವ ತುದಿಯ ರೆಡ್ ಹುಕ್‌ನಿಂದ, ಇಲ್ಲವೇ ಪಕ್ಕದ ಸೇಂಟ್ ಜಾನ್ ದ್ವೀಪದ ಕ್ರೂಜ್ ಬೇಯಿಂದ. ನೋಡಬೇಕಾದ ಬಹುತೇಕ ಜಾಗಗಳು ಅಲ್ಲಿಂದ ಪೂರ್ವಕ್ಕಿವೆ. ರೆಡ್ ಹುಕ್‌ನಿಂದ, ಸೇಂಟ್ ಜಾನ್‌ನಲ್ಲಿ ಆಮೆಗಳಿರುವ ಮಾಹೋ ಬೇಗೆ ಆರೇಳು ನಾಟಿಕಲ್ ಮೈಲಿ (ಒಂದು ಎಂದರೆ ಸುಮಾರು 1.85 ಕಿ.ಮೀ.). ಪಕ್ಕದ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಒಂದಾದ ವರ್ಜಿನ್ ಗೋರ್ಡಾದಲ್ಲಿ ದೊಡ್ಡ ಬಂಡೆಗಳ ನಡುವೆ ನೀರು ನುಗ್ಗುವ 'ದಿ ಬಾತ್ಸ್'ಗೆ ಸುಮಾರು 23. ವ್ಯಾಪಾರ ಮಾರುತ ಬೀಸುವುದೂ ಪೂರ್ವದಿಂದಲೇ. ಆದ್ದರಿಂದ ಬೆಳಿಗ್ಗೆ ಹೋಗುವಾಗ ಗಾಳಿಗೂ ಅಲೆಗೂ ಎದುರು, ಸಂಜೆ ಬರುವಾಗ ಬೆನ್ನಿಗೆ. ಡಿಸೆಂಬರ್, ಜನವರಿಯಲ್ಲಿ ಸ್ಥಳೀಯರು 'ಕ್ರಿಸ್‌ಮಸ್ ವಿಂಡ್ಸ್' ಎನ್ನುವ ಗಾಳಿ 20-25 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ವೇಗದಲ್ಲಿ ದಿನಗಟ್ಟಲೆ ಬೀಸುತ್ತದೆ. ಚಳಿಗಾಲದಲ್ಲಿ ಅಟ್ಲಾಂಟಿಕ್‌ನ ದೂರದ ಬಿರುಗಾಳಿಗಳು ಉತ್ತರದಿಂದ ದೊಡ್ಡ ಉಬ್ಬಲೆಗಳನ್ನೂ ಕಳುಹಿಸುತ್ತವೆ. ಅಂಥ ದಿನ ಸೇಂಟ್ ಜಾನ್‌ನ ಉತ್ತರ ದಂಡೆಯ ಟ್ರಂಕ್ ಬೇ, ಸಿನಮನ್ ಬೇಗಳಲ್ಲಿ ನೀರು ಕಲಕಿ ಸ್ನಾರ್ಕೆಲಿಂಗ್‌ಗೆ (ಉಸಿರುಕೊಳವೆ ಕಚ್ಚಿ ತೇಲುತ್ತ ನೀರೊಳಗೆ ನೋಡುವುದಕ್ಕೆ) ಏನೂ ಕಾಣುವುದಿಲ್ಲ, ಬಾತ್ಸ್‌ನಲ್ಲಿ ಕೆಂಪು ಬಾವುಟ ಏರುತ್ತದೆ. ಯೋಜನೆ ಬದಲಿಸಿ ದಕ್ಷಿಣದ ಮರೆಗೆ ಹೋಗೋಣ ಎನ್ನುವ ಕ್ಯಾಪ್ಟನ್ ಒಳ್ಳೆಯ ಕ್ಯಾಪ್ಟನ್. ಅವರೊಂದಿಗೆ ವಾದ ಬೇಡ.

ಮೊದಲು ಸ್ಪೀಡ್‌ಬೋಟ್. ಕ್ಯಾಪ್ಟನ್ ಸಮೇತ ಸಿಗುವ, ನಡುವೆ ಚುಕ್ಕಾಣಿ ಇರುವ 28-34 ಅಡಿಯ ದೋಣಿ, ಹಿಂದೆ ಎರಡು ಔಟ್‌ಬೋರ್ಡ್ ಎಂಜಿನ್. ಸಾಧಾರಣ ಸಮುದ್ರದಲ್ಲಿ 25 ನಾಟ್ ಓಡುತ್ತದೆ; ಮಾಹೋ ಬೇ ಇಪ್ಪತ್ತು ನಿಮಿಷದೊಳಗೆ, ಬಾತ್ಸ್ ಒಂದು ಗಂಟೆಯ ಆಸುಪಾಸಿನಲ್ಲಿ. ಒಂದೇ ದಿನದಲ್ಲಿ ಬಾತ್ಸ್, ನಾರ್ಮನ್ ದ್ವೀಪದ ಗುಹೆಗಳು, ಯೋಸ್ಟ್ ವ್ಯಾನ್ ಡೈಕ್ ದ್ವೀಪದ ವೈಟ್ ಬೇ (ಮೂರೂ ಬ್ರಿಟಿಷ್ ಭಾಗದವೇ) ಎಲ್ಲವನ್ನೂ ನೋಡಬೇಕೆಂದರೆ ಇದರ ಹೊರತು ದಾರಿಯಿಲ್ಲ. ಆದರೆ ಬೆಳಗಿನ ಎದುರಲೆಯಲ್ಲಿ ದೋಣಿಯ ಮೂತಿ ಎದ್ದು ಬಿದ್ದು ಬೆನ್ನುಮೂಳೆಗೆ ನೇರ ಏಟು ಕೊಡುತ್ತದೆ. ಬಸ್ಸಿನಲ್ಲಿ ಎತ್ತಿಹಾಕುವುದು ಹಿಂದಿನ ಸೀಟು, ಇಲ್ಲಿ ಮುಂದಿನದು. ಮಕ್ಕಳು ಮುಂದಿನ ಮೆತ್ತೆಗೇ ಓಡುತ್ತಾರೆ. ಹೋಗುವ ದಾರಿಯಲ್ಲಿ ಅವರನ್ನು ಹಿಂದೆ, ಎಂಜಿನ್ ಕಡೆಗೆ ಕೂರಿಸಿ. ಬೆನ್ನುನೋವಿನವರು, ಗರ್ಭಿಣಿಯರು ಸ್ಪೀಡ್‌ಬೋಟ್ ಹತ್ತಲೇಬಾರದು. ನೆರಳು ಎಂದರೆ ಚುಕ್ಕಾಣಿಯ ಮೇಲಿನ ಸಣ್ಣ ಚಾವಣಿ ಮಾತ್ರ. ಶೌಚಾಲಯ ಇದ್ದರೂ ಚುಕ್ಕಾಣಿಯ ಕೆಳಗಿನ ಕಿರಿದಾದ ಗೂಡು. ದೋಣಿ ಓಡುವಾಗ ಅದರೊಳಗೆ ನಿಲ್ಲಲಾಗದು.

ದುಡ್ಡು ಜಾರುವುದು ಇಂಧನದಲ್ಲಿ. ಹಲವು ಸ್ಪೀಡ್‌ಬೋಟ್‌ಗಳ ದರದಲ್ಲಿ ಇಂಧನ ಸೇರಿರುವುದಿಲ್ಲ. 300 ಕುದುರೆಶಕ್ತಿಯ ಎರಡು ಎಂಜಿನ್‌ಗಳು ಆ ವೇಗದಲ್ಲಿ ಗಂಟೆಗೆ 25-30 ಗ್ಯಾಲನ್ ಕುಡಿಯುತ್ತವೆ. ಸೇಂಟ್ ಜಾನ್‌ನ ಉತ್ತರ ದಂಡೆಯನ್ನಷ್ಟೇ ಸುತ್ತಿದರೆ ಒಟ್ಟು ಓಟ ಸುಮಾರು 20 ಮೈಲಿ, 25 ಗ್ಯಾಲನ್‌ನಲ್ಲಿ ಮುಗಿಯುತ್ತದೆ. ವರ್ಜಿನ್ ಗೋರ್ಡಾಕ್ಕೆ ಹೋಗಿ ನಾರ್ಮನ್ ದ್ವೀಪದ ಮೇಲೆ ಹಿಂತಿರುಗಿದರೆ 55-60 ಮೈಲಿ, ಅಂದರೆ 65-70 ಗ್ಯಾಲನ್. ಗ್ಯಾಲನ್‌ಗೆ 6 ಡಾಲರ್ ಎಂದಿಟ್ಟುಕೊಂಡರೆ ಮೊದಲನೆಯದಕ್ಕೆ 150 ಡಾಲರ್, ಎರಡನೆಯದಕ್ಕೆ 400ರ ಸುತ್ತ. ಇದರ ಮೇಲೆ ಕ್ಯಾಪ್ಟನ್‌ಗೆ ಟಿಪ್ 15-20 ಶೇಕಡಾ. ಅಲ್ಲಿ ಇದು ರೂಢಿ, ಅವರ ಸಂಪಾದನೆಯ ಭಾಗ. ದೋಣಿಗೆ 1200 ಡಾಲರ್ ಎಂದು ಹೇಳಿದ ದೂರದ ಪ್ರವಾಸ ಇಂಧನ, ಟಿಪ್ ಸೇರಿ 1800 ಮುಟ್ಟುವುದು ಹೀಗೆ. ಮಾಹೋ ಬೇಯಲ್ಲಿ ಆಮೆ ನೋಡಿ ಎರಡು ಕೊಲ್ಲಿ ಸುತ್ತಿ ಬರುವಷ್ಟೇ ಆಸೆಯಿದ್ದರೆ ಈ ವೇಗಕ್ಕೆ ದುಡ್ಡು ಕೊಡುವುದು ಶುದ್ಧ ದಂಡ.

ಹತ್ತಿರದ ಕೊಲ್ಲಿಗಳಿಗೆ ನಮ್ಮ ಆಯ್ಕೆ ಕ್ಯಾಟಮರಾನ್, ಅದರಲ್ಲೂ ಮೂರು ತಲೆಮಾರು ಜೊತೆಗೆ ಹೊರಟಿದ್ದರೆ. 40-50 ಅಡಿಯ ದೋಣಿ, ಎರಡು ಒಡಲು, ಒಬ್ಬ ಕ್ಯಾಪ್ಟನ್, ಸಾಮಾನ್ಯವಾಗಿ ಜೊತೆಗೊಬ್ಬ ಸಹಾಯಕ. ವೇಗ 6-8 ನಾಟ್ ಮಾತ್ರ. ಹಾಯಿ ದೋಣಿ ಗಾಳಿಗೆ ನೇರ ಎದುರು ಹೋಗಲಾರದು. ಹಾಯಿಯಲ್ಲೇ ಹೋಗಬೇಕೆಂದರೆ ಅಂಕುಡೊಂಕಾಗಿ ಸಾಗಬೇಕು, ದೂರ ಹೆಚ್ಚುತ್ತದೆ. ಅದಕ್ಕೇ ಬೆಳಿಗ್ಗೆ ಬಹುತೇಕ ಕ್ಯಾಪ್ಟನ್‌ಗಳು ಡೀಸೆಲ್ ಎಂಜಿನ್ ಹಚ್ಚಿ ಹೋಗಿ, ಹಿಂತಿರುಗುವಾಗ ಹಾಯಿ ಬಿಚ್ಚುತ್ತಾರೆ. ರೆಡ್ ಹುಕ್‌ನಿಂದ ಮಾಹೋಗೆ ಒಂದು ಗಂಟೆ ಚಿಲ್ಲರೆ ಬೇಕು. ಎಂಜಿನ್ ನಿಂತು ಗಾಳಿ ಬೆನ್ನಿಗೆ ಸಿಕ್ಕ ಆ ಸಂಜೆಯ ಗಂಟೆಗಾಗಿಯೇ ಕ್ಯಾಟಮರಾನ್ ಹತ್ತಬಹುದು. ಅಗಲವಾದ್ದರಿಂದ ಪಕ್ಕಕ್ಕೆ ಉರುಳಾಟ ಕಡಿಮೆ, ಆದರೆ ಓರೆ ಅಲೆಯಲ್ಲಿ ಎರಡು ಒಡಲೂ ಬೇರೆಬೇರೆ ಹೊತ್ತಿಗೆ ಏಳುವುದರಿಂದ ಒಂದು ಬಗೆಯ ಗಡಗಡ ನಡುಕ ಇರುತ್ತದೆ. ಅದಕ್ಕೂ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಸರಿಯಾದ ನೆರಳು, ಬಾಗಿಲು ಹಾಕಿಕೊಳ್ಳಬಹುದಾದ ಶೌಚಾಲಯ, ಮಗುವನ್ನು ಮಲಗಿಸಲು ಜಾಗ ಎಲ್ಲ ಇರುತ್ತದೆ. ಇಂಧನ, ಊಟ, ಪಾನೀಯ ಬಹಳ ಕಡೆ ದರದಲ್ಲೇ ಸೇರಿರುತ್ತವೆ. ಕೇಳಿದ ದರ ಸ್ಪೀಡ್‌ಬೋಟಿಗಿಂತ ಹೆಚ್ಚೆನಿಸಿದರೂ ಪೂರ್ತಿ ಕೂಡಿಸಿ ನೋಡಿದರೆ ಅಂತರ ಕರಗುತ್ತದೆ.

ಕ್ಯಾಟಮರಾನ್‌ನ ನಿಜವಾದ ಲಾಭ ಹಿಂದೆ ನೇತುಹಾಕಿದ ಸಣ್ಣ ಡಿಂಗಿ. ಸೇಂಟ್ ಜಾನ್‌ನ ಬಹುಭಾಗ 1956ರಲ್ಲಿ ಸ್ಥಾಪನೆಯಾದ ವರ್ಜಿನ್ ಐಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಅಲ್ಲಿನ ಈಜು ವಲಯಗಳ ಒಳಗೆ ದೋಣಿ ನುಗ್ಗಿಸುವಂತಿಲ್ಲ, ಹವಳದ ಮೇಲೆ ಲಂಗರು ಬಿಡುವಂತಿಲ್ಲ. ದೋಣಿ ದೂರದಲ್ಲೇ ನಿಲ್ಲುತ್ತದೆ. ಮರಳು ಮುಟ್ಟಬೇಕಾದರೆ ಈಜಬೇಕು. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಇದು ಆಗದ ಮಾತು. ಡಿಂಗಿ ಇದ್ದರೆ, ಅದಕ್ಕೆಂದು ಗುರುತಿಸಿದ ಕಾಲುವೆಯಲ್ಲಿ ದಡಕ್ಕೆ ಬಿಟ್ಟು ಬರಬಹುದು. ಬಾತ್ಸ್‌ನಲ್ಲಂತೂ ಡಿಂಗಿಯನ್ನೂ ಹಗ್ಗದ ಸಾಲಿಗೆ ಕಟ್ಟಿ ಉಳಿದಷ್ಟನ್ನು ಈಜಿಯೇ ಮುಟ್ಟಬೇಕು. ಈಜು ಬಾರದವರಿಗೆ ಅಲ್ಲಿಗೆ ಇರುವ ದಾರಿ ವರ್ಜಿನ್ ಗೋರ್ಡಾದ ಊರಾದ ಸ್ಪ್ಯಾನಿಷ್ ಟೌನ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿದು ಮೇಲಿನಿಂದ ಕಾಲುಹಾದಿಯಲ್ಲಿ ಬರುವುದು. ಬುಕ್ ಮಾಡುವಾಗ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಕೇಳಲೇಬೇಕು. ಏಣಿಯನ್ನೂ ಕೇಳಿ: ನೀರಿನೊಳಗೆ ಮೂರು ನಾಲ್ಕು ಮೆಟ್ಟಿಲು ಇಳಿಯುವ, ಓರೆಯಾಗಿ ನಿಲ್ಲುವ ಏಣಿ ಇದ್ದರೆ ಮಂಡಿನೋವಿನವರೂ ಹತ್ತಬಹುದು. ಎರಡೇ ಮೆಟ್ಟಿಲಿನ ನೇರ ಏಣಿಯಾದರೆ ಕೈಬಲದಿಂದ ಮೈ ಎಳೆದುಕೊಳ್ಳಬೇಕು.

ಮೂರನೆಯದು ನೀವೇ ನಡೆಸುವ 22-28 ಅಡಿಯ ಬಾಡಿಗೆ ದೋಣಿ. ಅಗ್ಗ, ಸ್ವಾತಂತ್ರ್ಯ ಪೂರ್ತಿ, ಮನಸ್ಸು ಬಂದಷ್ಟು ಹೊತ್ತು ಒಂದೇ ಕಡೆ ಇರಬಹುದು. ಅಮೆರಿಕದ ಯಾವುದೋ ಸರೋವರದಲ್ಲಿ ಪಾಂಟೂನ್ ದೋಣಿ (ತೇಲುಕೊಳವೆಗಳ ಮೇಲಿನ ಚಪ್ಪಟೆ ದೋಣಿ) ನಡೆಸಿದ ಅನುಭವವನ್ನು ಮಾತ್ರ ನಂಬಿ ಇದಕ್ಕೆ ಇಳಿಯಬೇಡಿ. ಇಲ್ಲಿ ಕೆಡುವುದು ಓಡಿಸುವಲ್ಲಿ ಅಲ್ಲ, ನಿಲ್ಲಿಸುವಲ್ಲಿ. ಉದ್ಯಾನದ ಕೊಲ್ಲಿಗಳಲ್ಲಿ ದೋಣಿ ಕಟ್ಟಲು ನೀಲಿ ಪಟ್ಟಿಯ ಬಿಳಿ ತೇಲುಗುಂಡುಗಳಿವೆ, ಹಗಲಿನಲ್ಲಿ ಉಚಿತ. ಅದನ್ನು ಹಿಡಿಯುವ ಕ್ರಮ ಹೀಗೆ: ಗಾಳಿ ಹೋಗುವ ಕಡೆಯಿಂದ ಬಂದು, ದೋಣಿಯ ಮೂತಿ ಗಾಳಿಗೆ ಎದುರಾಗಿರುವಂತೆ ನಡಿಗೆಯ ವೇಗದಲ್ಲಿ ಹತ್ತಿರವಾಗಬೇಕು. ಮೂತಿಯಲ್ಲಿ ನಿಂತವರು ಕೊಕ್ಕೆಕೋಲನ್ನು ಗುಂಡಿನ ಕಡೆ ಚಾಚಿ ತೋರಿಸುತ್ತಿರಬೇಕು, ಏಕೆಂದರೆ ಕೊನೆಯ ಮೂರು ಮೀಟರ್ ಚುಕ್ಕಾಣಿ ಹಿಡಿದವರಿಗೆ ಅದು ಕಾಣದು. ಕೊಕ್ಕೆಗೆ ಹಗ್ಗ ಸಿಗುವ ಹೊತ್ತಿಗೆ ಗೇರ್ ನ್ಯೂಟ್ರಲ್‌ನಲ್ಲಿರಲಿ. ಆ ಹಗ್ಗದ ಕಣ್ಣಿನೊಳಗೆ ನಿಮ್ಮದೇ ಹಗ್ಗ ತೂರಿಸಿ ಎರಡು ತುದಿಯನ್ನೂ ದೋಣಿಯ ಕ್ಲೀಟ್‌ಗೆ (ಹಗ್ಗ ಸುತ್ತುವ ಕೊಂಬಿಗೆ) ಕಟ್ಟಿ. ಬಿಡುವಾಗ ಒಂದು ತುದಿ ಬಿಚ್ಚಿ ಎಳೆದರೆ ಸಾಕು. ತಪ್ಪಿದರೆ ಹಿಂದಕ್ಕೆ ಎಳೆಯುವ ಆಸೆ ಬೇಡ. ತೇಲುವ ಹಗ್ಗ ಪ್ರೊಪೆಲರ್‌ಗೆ ಸುತ್ತಿಕೊಂಡರೆ ಆ ದಿನ ಅಲ್ಲಿಗೇ ಮುಗಿಯಿತು. ಸುತ್ತು ಹಾಕಿ ಮತ್ತೆ ಬನ್ನಿ.

ನೀರಿನ ಬಣ್ಣ ಓದಲು ಬರಬೇಕು. ಕಡುನೀಲಿ ಎಂದರೆ ಆಳ, ತಿಳಿಹಸಿರು ಎಂದರೆ ಮರಳು, ಕಂದು ಎಂದರೆ ಹವಳ ಅಥವಾ ಬಂಡೆ. ಸೂರ್ಯ ಮೇಲಿರುವ 10ರಿಂದ 3 ಗಂಟೆಯೊಳಗೆ, ಪೋಲರೈಸ್ಡ್ ಕನ್ನಡಕದಲ್ಲಿ ಇದು ಸ್ಪಷ್ಟ. ಸೂರ್ಯ ಮುಖಕ್ಕೆ ಹೊಡೆಯುವಾಗ ನೀರೆಲ್ಲ ಒಂದೇ ಬೆಳ್ಳಿ. ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ ಮುಖ ಮಾಡಿ ಹಿಂತಿರುಗುವಾಗ ಆಗುವುದೇ ಅದು. ಟ್ರಂಕ್ ಬೇ ಆಚೆಗಿನ ಜಾನ್ಸನ್ ರೀಫ್‌ಗೆ ಗುರುತಿನ ಗುಂಡುಗಳಿವೆ. ಅಲ್ಲಿ ಅಡ್ಡದಾರಿ ಹುಡುಕುವುದು ಬೇಡ. ಬಂದರಿಗೆ ಮರಳುವಾಗ ಕೆಂಪು ಗುರುತು ನಿಮ್ಮ ಬಲಕ್ಕಿರಬೇಕು. 26 ಅಡಿಗಿಂತ ಚಿಕ್ಕ ದೋಣಿಯಾದರೆ ಎಂಜಿನ್ ಆರಿಸುವ ದಾರ ಚಾಲಕರ ಮೈಗೆ ಸಿಕ್ಕಿಸಿರಬೇಕು. 2021ರ ಏಪ್ರಿಲ್‌ನಿಂದ ಇದು ಅಮೆರಿಕದ ಕಾನೂನು. ವಸಂತ, ಬೇಸಿಗೆಯಲ್ಲಿ ಸಾರ್ಗಾಸಮ್ ಪಾಚಿ ರಾಶಿಗಟ್ಟಲೆ ತೇಲಿಬಂದು ಎಂಜಿನ್ನಿನ ತಂಪು ನೀರಿನ ಕಿಂಡಿ ಮುಚ್ಚುತ್ತದೆ. ಎಂಜಿನ್ ಹಿಂಬದಿಯಿಂದ ಪಿಚಕಾರಿಯಂತೆ ಬೀಳುವ ನೀರು ನಿಂತರೆ ಕೂಡಲೇ ಆರಿಸಿ, ಎಂಜಿನ್ ಮೇಲೆತ್ತಿ ಪಾಚಿ ಬಿಡಿಸಬೇಕು. ಅಲಾರಂ ಕೂಗುವವರೆಗೆ ಕಾದರೆ ರಿಪೇರಿಯ ಖರ್ಚು ನಿಮ್ಮ ಠೇವಣಿಯಿಂದ. ಇಷ್ಟೆಲ್ಲ ಗೊತ್ತಿರುವ ಇಬ್ಬರು ಗುಂಪಿನಲ್ಲಿದ್ದರೆ ಸ್ವಂತ ಚಾಲನೆಯಷ್ಟು ಸುಖ ಬೇರೆ ಇಲ್ಲ. ಒಬ್ಬರಿಗಷ್ಟೇ ಗೊತ್ತಿದ್ದರೆ ಆ ಒಬ್ಬರಿಗೆ ರಜೆಯೇ ಇರುವುದಿಲ್ಲ.

ಈಗ ಕಾಗದಪತ್ರ. ಎಚ್-1ಬಿ ಎಂಬ ಅಮೆರಿಕದ ಉದ್ಯೋಗ ವೀಸಾದಲ್ಲಿರುವ ನಮ್ಮವರು ಇದನ್ನು ಎರಡು ಸಲ ಓದಲಿ. ವಲಸೆ ಕಾನೂನಿನ ಲೆಕ್ಕದಲ್ಲಿ ಸೇಂಟ್ ಥಾಮಸ್, ಸೇಂಟ್ ಜಾನ್ ಅಮೆರಿಕದ ಒಳಗೇ ಇವೆ, ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿದ್ದರೂ ಹೋಗಿಬರಬಹುದು. ಆದರೂ ಮುಖ್ಯನಾಡಿಗೆ ವಿಮಾನ ಹತ್ತುವ ಮುನ್ನ ಅಧಿಕಾರಿಗಳ ತಪಾಸಣೆ ಇರುವುದರಿಂದ ಪಾಸ್‌ಪೋರ್ಟ್, ಐ-797 (ಅನುಮೋದನೆ ಪತ್ರ), ಐ-94 (ಪ್ರವೇಶ ದಾಖಲೆ) ಕೈಯಲ್ಲಿರಲಿ. ದೋಣಿ ಬ್ರಿಟಿಷ್ ದ್ವೀಪಕ್ಕೆ ಹೋಯಿತೆಂದರೆ ನೀವು ದೇಶ ಬಿಟ್ಟಂತೆ, ಒಂದೇ ಗಂಟೆ ಈಜಿ ಬಂದರೂ ಅಷ್ಟೆ. ಕೆನಡಾ, ಮೆಕ್ಸಿಕೋ ಕಿರುಪ್ರವಾಸಕ್ಕೆ ಹಳೆಯ ಮುದ್ರೆಯಲ್ಲೇ ಮರಳಲು ಇರುವ ರಿಯಾಯಿತಿ ಕೆರಿಬಿಯನ್ ದ್ವೀಪಗಳಿಗೆ ಅನ್ವಯಿಸುವುದು ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ ಮಾತ್ರ. ಎಚ್-1ಬಿ, ಅವರ ಕುಟುಂಬದ ಎಚ್-4 ಮುದ್ರೆ ಮುಗಿದವರು ಬ್ರಿಟಿಷ್ ಭಾಗದ ಪ್ರವಾಸ ಬುಕ್ ಮಾಡಲೇಬಾರದು. ಮುದ್ರೆ ಚಾಲ್ತಿಯಲ್ಲಿದ್ದವರೂ ಬ್ರಿಟಿಷ್ ದ್ವೀಪಗಳ ಪ್ರವೇಶ ನಿಯಮವನ್ನು ನೋಡಿಕೊಂಡು ಹೊರಡಬೇಕು. ಅಲ್ಲಿನ ಕಸ್ಟಮ್ಸ್, ತಲೆಗಿಷ್ಟು ಶುಲ್ಕ, ಮರಳುವಾಗ ಅಮೆರಿಕದ ತಪಾಸಣೆ, ಇವೆಲ್ಲ ದಿನದ ಹೊತ್ತನ್ನೂ ತಿನ್ನುತ್ತವೆ. ನಮ್ಮ ಮಟ್ಟಿಗೆ, ಇರುವುದು ಒಂದೇ ದೋಣಿದಿನವಾದರೆ ಸೇಂಟ್ ಜಾನ್ ಸುತ್ತಲೇ ಕಳೆಯುವುದು ಲೇಸು.

ಗುಂಪಿನ ಎಣಿಕೆಯಲ್ಲೂ ಎಡವುತ್ತಾರೆ. ಸಾಮಾನ್ಯ ಸಣ್ಣ ಚಾರ್ಟರ್ ದೋಣಿಗೆ ದುಡ್ಡು ಕೊಟ್ಟ ಪ್ರಯಾಣಿಕರ ಮಿತಿ 6. ಹೆಚ್ಚು ಜನರಿಗೆ ಕೋಸ್ಟ್ ಗಾರ್ಡ್ ತಪಾಸಣೆಯ ಪ್ರಮಾಣಪತ್ರ ಅಥವಾ ಅಲ್ಲಿಗೆ ಅನ್ವಯಿಸುವ ಬೇರೆ ಅನುಮತಿ ಬೇಕು. ಕೈಗೂಸೂ ಒಂದು ತಲೆಯೇ. ಏಳು ಎಂಟು ಜನರಿದ್ದಾಗ 'ನೋಡೋಣ ಬನ್ನಿ' ಎನ್ನುವವರ ದೋಣಿ ಬೇಡ. ಕ್ಯಾಪ್ಟನ್‌ರ ಪರವಾನಗಿ, ವಿಮೆ ಕೇಳುವುದಕ್ಕೆ ಸಂಕೋಚ ಬೇಡ. 14 ಕಿಲೋಗಿಂತ ಹಗುರದ ಮಗುವಿಗೆ ಹೊಂದುವ ಲೈಫ್ ಜಾಕೆಟ್ ಎಲ್ಲ ದೋಣಿಯಲ್ಲೂ ಇರುವುದಿಲ್ಲ, ಮೊದಲೇ ವಿಚಾರಿಸಿ ಇಲ್ಲವೇ ಒಯ್ಯಿರಿ.

ಸನ್‌ಸ್ಕ್ರೀನ್ ಕೊಳ್ಳುವಾಗ ಹಿಂಬದಿ ಓದಿ: ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್, ಆಕ್ಟೋಕ್ರಿಲೀನ್ ಇರುವುದನ್ನು ಹವಳದ ರಕ್ಷಣೆಗಾಗಿ ಈ ದ್ವೀಪಗಳು 2020ರಿಂದ ನಿಷೇಧಿಸಿವೆ; ಜಿಂಕ್ ಆಕ್ಸೈಡ್‌ನದು ತನ್ನಿ. ವಾಂತಿಯ ಮಾತ್ರೆಯನ್ನು ಹತ್ತುವ ಒಂದು ಗಂಟೆ ಮೊದಲೇ ನುಂಗಬೇಕು, ಹೊಟ್ಟೆ ತೊಳಸಿದ ಮೇಲೆ ನುಂಗಿದ್ದು ಕೆಲಸಕ್ಕೆ ಬಾರದು. ಸಸ್ಯಾಹಾರ ಎಂದರೆ ಮೀನು ಓಕೆ ಎಂದುಕೊಳ್ಳುವವರಿದ್ದಾರೆ; ಮೊಟ್ಟೆ, ಮೀನು ಎರಡೂ ಇಲ್ಲ ಎಂದು ಬರೆದು ತಿಳಿಸಿ. ಸೇಂಟ್ ಥಾಮಸ್ ಬಳಿಯ ಗ್ರೇಟ್ ಸೇಂಟ್ ಜೇಮ್ಸ್ ದ್ವೀಪದ ಕ್ರಿಸ್‌ಮಸ್ ಕೋವ್‌ನಲ್ಲಿ ಲಂಗರು ಹಾಕಿರುವ ಪಿಜ್ಜಾ ದೋಣಿ ಬಹಳ ಗುಂಪುಗಳಿಗೆ ಮಧ್ಯಾಹ್ನದ ಊಟದ ಚಿಂತೆ ನೀಗುತ್ತದೆ. ಮನೆಯಿಂದ ತರುವುದಾದರೆ ಪುಳಿಯೋಗರೆ ಸಂಜೆವರೆಗೂ ಕೆಡದು, ಮೊಸರನ್ನ ಐಸ್ ಪೆಟ್ಟಿಗೆಯಲ್ಲೇ ಇರಲಿ.

ಮುಂಗಡ ಕೊಡುವ ಮುನ್ನ ರದ್ದತಿಯ ಷರತ್ತು ನೋಡಿ. ಹವಾಮಾನ ಕೆಟ್ಟಾಗ ನಿರ್ಧಾರ ಕ್ಯಾಪ್ಟನ್‌ರದ್ದು, ಆಗ ಹಣ ವಾಪಸ್ಸೋ ಬರೀ ಬೇರೆ ದಿನವೋ ಎಂಬುದು ಲಿಖಿತವಾಗಿರಬೇಕು. ದೋಣಿದಿನವನ್ನು ರಜೆಯ ಕೊನೆಯ ದಿನಕ್ಕಿಡದೆ ಎರಡನೆಯ ಅಥವಾ ಮೂರನೆಯ ದಿನಕ್ಕಿಟ್ಟರೆ ಗಾಳಿ ಜೋರಾದಾಗ ಮುಂದೂಡಲು ಜಾಗ ಉಳಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಚಂಡಮಾರುತದ ಭಯಕ್ಕೆ ಅನೇಕರು ದೋಣಿಗಳನ್ನೇ ನೀರಿನಿಂದ ಮೇಲೆತ್ತಿಡುತ್ತಾರೆ, ಆಗ ಆರಿಸಲು ಹೆಚ್ಚೇನೂ ಉಳಿದಿರುವುದಿಲ್ಲ. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಗಾಳಿ ತಗ್ಗಿರುತ್ತದೆ, ಉತ್ತರದ ಉಬ್ಬಲೆ ಇರುವುದಿಲ್ಲ, ದರವೂ ಇಳಿದಿರುತ್ತದೆ.