ಟ್ರ್ಯಾಕ್ಟರ್ ಕೂರಿಗೆಯೋ ಎತ್ತಿನ ಸಾಲೋ: ನಾಲ್ಕು ಎಕರೆ ಮೆಕ್ಕೆಜೋಳದ ಬಿತ್ತನೆ

ದಾವಣಗೆರೆ ಸೀಮೆಯ ನಮ್ಮ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಕಳೆದ ಮುಂಗಾರಿನಲ್ಲಿ ಮೃಗಶಿರಾ ಮಳೆ ಬಿದ್ದ ಮೇಲೆ, ನಾಲ್ಕು ಎಕರೆಯನ್ನು ನಡುಬದುವಿನ ಆಚೆ ಈಚೆ ಎರಡಾಗಿ ಮಾಡಿಕೊಂಡು, ಒಂದು ಕಡೆ ಬಾಡಿಗೆಗೆ ತಂದ ಐದು ಸಾಲಿನ ಟ್ರ್ಯಾಕ್ಟರ್ ಕೂರಿಗೆಯಿಂದಲೂ (ಕೊಳವೆಗಳ ಮೂಲಕ ಸಾಲಿಗೆ ಕಾಳು ಇಳಿಸುವ ಬಿತ್ತನೆ ಸಾಧನ) ಇನ್ನೊಂದು ಕಡೆ ಎತ್ತಿನ ಸಾಲಿಗೆ ಕೈಯಿಂದ ಕಾಳು ಹಾಕಿಸಿಯೂ ಮೆಕ್ಕೆಜೋಳ ಬಿತ್ತಿದೆ. ತಳಿಯೂ ಗೊಬ್ಬರವೂ ಒಂದೇ. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಕಾಳಿನಿಂದ ಕಾಳಿಗೆ 20 ಸೆಂ.ಮೀ. ಇಟ್ಟರೆ ಎಕರೆಗೆ ಸುಮಾರು 33,000 ಗಿಡ ನಿಲ್ಲಬೇಕು. ಎರಡೂ ಕಡೆ ಅದೇ ಗುರಿ.

ವೇಗದ ವಿಷಯದಲ್ಲಿ ಚರ್ಚೆಯೇ ಇಲ್ಲ. ಟ್ರ್ಯಾಕ್ಟರ್ ಎರಡು ಗಂಟೆಯೊಳಗೆ ಮುಗಿಸಿದ್ದನ್ನು ಒಂದು ಜೊತೆ ಎತ್ತು ಮತ್ತು ಆರು ಹೆಣ್ಣಾಳು ಒಂದೂವರೆ ದಿನ ಮಾಡಿದರು. ಕೂಲಿಗಿಂತ ಹೆಚ್ಚು ನಷ್ಟವಾದದ್ದು ಹದದ್ದು: ಎರಡನೆಯ ದಿನ ಬಿತ್ತಿದ ಭಾಗದಲ್ಲಿ ಮೇಲ್ಮಣ್ಣು ಆರಿಹೋಗಿ, ಅಲ್ಲಿನ ಮೊಳಕೆ ಉಳಿದದ್ದಕ್ಕಿಂತ ಮೂರು ದಿನ ತಡವಾಗಿ ಎದ್ದಿತು. ಗೊಬ್ಬರವನ್ನು ಕೂರಿಗೆ ಕಾಳಿನಿಂದ ಸ್ವಲ್ಪ ಬದಿಗೆ ಇಳಿಸುತ್ತದೆ. ಕೈಯಿಂದ ಹಾಕಿದ ಕಡೆ ಗೊಬ್ಬರದ ಮೇಲೆಯೇ ಬಿದ್ದ ಕೆಲವು ಕಾಳು ಸುಟ್ಟುಹೋದವು.

ಆದರೆ ಕೂರಿಗೆಯ ತಪ್ಪು ಕಣ್ಣಿಗೆ ಬೀಳುವುದಿಲ್ಲ. ತಗ್ಗಿನ ಹಸಿ ಜಾಗದಲ್ಲಿ ಒಂದು ಕೊಳವೆಯ ಬಾಯಿಗೆ ಮಣ್ಣು ಮೆತ್ತಿಕೊಂಡದ್ದು ಚಾಲಕನಿಗೂ ತಿಳಿಯಲಿಲ್ಲ, ಬದುವಿನ ಮೇಲೆ ನಿಂತಿದ್ದ ನನಗೂ ತಿಳಿಯಲಿಲ್ಲ. ಸಾಲು ತೆರೆದು, ಕಾಳಿಲ್ಲದೆಯೇ ಮುಚ್ಚಿಕೊಂಡು ಹೋಯಿತು. ಎಂಟನೆಯ ದಿನ ಹೊಲಕ್ಕೆ ಹೋದಾಗ, ಹಸಿರು ಗೆರೆಗಳ ನಡುವೆ ಮೂರು ಸಾಲು ಬದುವಿನಿಂದ ಬದುವಿಗೆ ಬೋಳಾಗಿದ್ದವು. ಅಲ್ಲಿ ಮತ್ತೆ ಕಾಳು ಊರಿಸಿದೆನಾದರೂ ಅಕ್ಕಪಕ್ಕದ ಗಿಡಗಳ ನೆರಳಿನಲ್ಲಿ ಬೆಳೆದ ಅವುಗಳ ತೆನೆ ಗಿಡ್ಡವಾಯಿತು.

ಕೈಬಿತ್ತನೆಯಲ್ಲಿ ಗೇಣಿಗೊಂದು ಕಾಳು ಬೀಳುವುದು ಕಾಣುತ್ತದೆ, ತಪ್ಪಿದರೆ ಹಿಂದಿನವಳು ಕೂಡಲೇ ಹಾಕಿ ಕಾಲಿನಿಂದ ಮಣ್ಣು ಮುಚ್ಚುತ್ತಾಳೆ. ಮಧ್ಯಾಹ್ನದ ಬಿಸಿಲಿಗೆ ಮಾತ್ರ ಆ ನಿಗಾ ಸಡಿಲಾಗಿ ಒಂದೇ ಕಡೆ ಎರಡು ಮೂರು ಕಾಳು ಬಿದ್ದು, ಎಕರೆಗೆ ನಾಲ್ಕು ಕಿಲೋದ ಎರಡು ಚೀಲ ಸಾಲದೆ ಮೂರನೆಯದನ್ನು ಒಡೆಯಬೇಕಾಯಿತು. ಇನ್ನೊಂದು ಮಾತು: 2018ರಲ್ಲಿ ಶಿವಮೊಗ್ಗದಲ್ಲಿ ಮೆಕ್ಕೆಜೋಳದ ಎಲೆ, ಸುಳಿ ತಿನ್ನುವ ಫಾಲ್ ಸೈನಿಕ ಹುಳು ದೇಶದಲ್ಲಿ ಮೊದಲ ಬಾರಿಗೆ ಪತ್ತೆಯಾಯಿತು, ಅದರ ಕಾಟಕ್ಕೆ ಈಗ ನಾವು ಕೊಳ್ಳುವುದು ಕೀಟನಾಶಕ ಲೇಪಿಸಿದ ಬೀಜವನ್ನು. ಅದನ್ನು ಉಡಿಯಲ್ಲಿ ಕಟ್ಟಿಕೊಂಡ ಹೆಂಗಸರ ಬೆರಳೆಲ್ಲ ಊಟದ ಹೊತ್ತಿಗೆ ಕೆಂಪಾಗಿತ್ತು. ಕೈಗವಸು ಕೊಡದೆ ಇದ್ದದ್ದು ನನ್ನ ತಪ್ಪು.

ಈ ಸಲ ಟ್ರ್ಯಾಕ್ಟರ್ ತಿರುಗಲಾಗದ ಬೇಲಿಯ ಮೂಲೆಗೆ ಮಾತ್ರ ಎತ್ತು, ಉಳಿದದ್ದಕ್ಕೆಲ್ಲ ಕೂರಿಗೆ ಎಂದು ನಿರ್ಧರಿಸಿದ್ದೇನೆ. ಪ್ರತಿ ಸುತ್ತಿನ ಕೊನೆಗೆ ಕೂರಿಗೆ ಮೇಲೆತ್ತಿದಾಗ ಐದೂ ಕೊಳವೆಗೆ ಕಡ್ಡಿ ಆಡಿಸಿ ನೋಡಲು ಒಂದು ಆಳು ಹಿಂದೆ ನಡೆಯುತ್ತಾನೆ. ಅವನ ಕೂಲಿಯನ್ನು ಬಾಡಿಗೆಯ ಲೆಕ್ಕಕ್ಕೇ ಸೇರಿಸಿದ್ದೇನೆ.