ನೇತ್ರಾಣಿಯಲ್ಲಿ ಸ್ನಾರ್ಕೆಲಿಂಗ್ ಮತ್ತು ಸ್ಕೂಬಾ: ಎರಡನ್ನೂ ಮಾಡಿ ನೋಡಿದ ಮೇಲೆ

ಕುಂಬಳೆಯ ನಮಗೆ ಕಡಲು ಹೊಸತಲ್ಲ. ಆದರೆ ಹೊಳೆಗಳು ತಂದು ಸುರಿಯುವ ಮಣ್ಣಿನಿಂದ ಇಲ್ಲಿನ ತೀರದ ನೀರು ಕದಡಿರುವುದರಿಂದ ಮುಳುಗಿದರೂ ಕಾಣುವುದು ಅಷ್ಟಕ್ಕಷ್ಟೆ. ಆದ್ದರಿಂದ ಕಳೆದ ಜನವರಿಯಲ್ಲಿ ಸೋದರಳಿಯನೊಂದಿಗೆ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಬಳಿ ಒಂದು ದಿನ ಸ್ನಾರ್ಕೆಲಿಂಗ್ (ಉಸಿರಾಟದ ಕೊಳವೆ ಕಚ್ಚಿಕೊಂಡು ನೀರಿನ ಮೇಲೆ ತೇಲುತ್ತ ಕೆಳಗೆ ನೋಡುವುದು), ಮರುದಿನ ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದು) ಮಾಡಿದೆವು.

ನೇತ್ರಾಣಿಯ ಬಂಡೆಗಳು ನೀರಿನಿಂದ ಗೋಡೆಯಂತೆ ಎದ್ದಿವೆ. ಕಾಲೂರಲು ಮರಳಿನ ದಡವಿಲ್ಲ. ದೋಣಿಯಿಂದ ಇಳಿದು ದೋಣಿಗೇ ಹತ್ತಬೇಕು. ಖರ್ಚು ಬಹಳ ಕಡಿಮೆಯೆಂದು ನಾನು ಮೊದಲು ಮೆಚ್ಚಿದ್ದ ಸ್ನಾರ್ಕೆಲಿಂಗ್ ನನಗೆ ಕಷ್ಟವಾದದ್ದು ಇಲ್ಲಿಯೇ. ಲೈಫ್ ಜಾಕೆಟ್ ತೊಟ್ಟು ತೇಲುವಾಗ ಬಂಡೆಗೆ ಬಡಿದು ಮರಳುವ ತೆರೆ ಮೈಯನ್ನು ಎತ್ತಿ ಹಾಕುತ್ತಲೇ ಇರುತ್ತದೆ, ಕೊಳವೆಗೆ ಉಪ್ಪುನೀರು ನುಗ್ಗುತ್ತದೆ, ಮೀಸೆಯ ಸಂದಿನಿಂದ ಮಾಸ್ಕ್ ಸೋರುತ್ತದೆ. ಕೆಳಗಿನ ಮೀನುಗಳು ಬಣ್ಣದ ಚುಕ್ಕೆಗಳಾಗಿಯೇ ಉಳಿದವು. ಅರ್ಧ ಗಂಟೆಯಲ್ಲಿ ನನಗೆ ಹೊಟ್ಟೆ ತೊಳಸಿತು.

ಸ್ಕೂಬಾದಲ್ಲಿ ತರಬೇತುದಾರರು ಹಿಂದಿನಿಂದ ಸಿಲಿಂಡರ್ ಹಿಡಿದೇ ಇರುತ್ತಾರೆ. ಪ್ರಮಾಣಪತ್ರವಿಲ್ಲದವರನ್ನು 12 ಮೀಟರಿಗಿಂತ ಕೆಳಗೆ ಕರೆದೊಯ್ಯುವಂತಿಲ್ಲ. ಕಷ್ಟವೆಲ್ಲ ಮೊದಲ ಮೂರು ನಾಲ್ಕು ಮೀಟರುಗಳದ್ದು. 10 ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ಇಮ್ಮಡಿಯಾಗುವುದರಿಂದ, ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲನೆ ಊದಬೇಕು. ಒಳಗೆ ‘ಟಿಕ್’ ಎಂದಾಗ ಬಿಗಿತ ಸಡಿಲುತ್ತದೆ. ಉಸಿರನ್ನು ಎಂದಿಗೂ ತಡೆಹಿಡಿಯಬಾರದು. ಹೆಬ್ಬೆರಳು ಎತ್ತುವುದು ಅಲ್ಲಿ ‘ಚೆನ್ನಾಗಿದೆ’ ಎಂದಲ್ಲ, ‘ಮೇಲೆ ಹೋಗೋಣ’ ಎಂದು. ದೋಣಿಯಲ್ಲೇ ಇದನ್ನು ಅಭ್ಯಾಸ ಮಾಡಿಕೊಳ್ಳಿ.

ಅದಾದ ಮೇಲೆ ಸಿಕ್ಕ ನೆಮ್ಮದಿ ನಾನು ಎಣಿಸಿರದಂಥದ್ದು. ಒಂದು ಗಿಳಿಮೀನು ಹವಳವನ್ನು ಕಚ್ಚುವುದು ಒಂದು ಮಾರು ದೂರದಲ್ಲಿ ಕಂಡಿತು. ಬೆಲ್ಲದ ಅಚ್ಚನ್ನು ಕಡಿದಂತೆ ಅದರ ಸದ್ದೂ ಕೇಳಿಸಿತು. “ಮಾವಾ, ಅಡಿಯಲ್ಲಿ ತೆರೆಯೇ ಇಲ್ಲ” ಎಂದು ಮೇಲೆ ಬಂದೊಡನೆ ಅಳಿಯ ಹೇಳಿದ.

ನಮ್ಮ ಕಾಸರಗೋಡು ಜಿಲ್ಲೆಯ ವಲಿಯಪರಂಬದ ಹಿನ್ನೀರಿನಲ್ಲಿ ನಾವು ಮಾಡಿದ ಕಯಾಕಿಂಗ್ (ಕಿರುದೋಣಿಗೆ ಹುಟ್ಟು ಹಾಕುವುದು) ಹಿರಿಯರಿಗೂ ಒಗ್ಗುವಂಥದ್ದು, ಆದರೆ ಅದು ನೀರಿನ ಮೇಲಿನ ಸುಖ. ನೇತ್ರಾಣಿಯವರೆಗೆ ಹೋಗುವವರು, ಈಜು ಬಾರದಿದ್ದರೂ, ಸ್ಕೂಬಾವನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಶೀತವಾಗಿ ಮೂಗು ಕಟ್ಟಿದ್ದರೆ ಮಾತ್ರ ಊದಿದರೂ ಕಿವಿಯ ಬಿಗಿತ ಸಡಿಲುವುದಿಲ್ಲ. ಆ ದಿನ ನೀರಿಗಿಳಿಯದೆ ಬುಕಿಂಗನ್ನು ಮುಂದೂಡುವುದು ಒಳ್ಳೆಯದು.